ಆರನೆಯ ಗೂಡು

"ಕೈ ತೆಗಿ!" ಎಂದು ಅತ್ತಿಗೆ ಕಿರುಚಿದಾಗ ಮೈದುನನ ಮುಷ್ಟಿಯಲ್ಲಿ ಅವಳ ಕೆಂಪು ಬಾವುಟವಿತ್ತು. ಕಳ್ಳ ಕೊನೆಗೂ ಮಾಲಿನ ಸಮೇತ ಸಿಕ್ಕಿಬಿದ್ದಿದ್ದ.

ಬಾವುಟವೆಂದರೆ ಅಂಗೈಯಗಲದ ಬಟ್ಟೆ, ಮೊಣಕಾಲೆತ್ತರದ ಕೋಲು. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಸೀಸೆಗಳಿಗೆ ಚೀಟಿ ಅಂಟಿಸಿದ ಹೆಂಗಸು ಅವಳು. ಗುರುತಿಲ್ಲದ ವಸ್ತು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮೂರೆಕರೆಯ ಉಳುಮೆ ನಿಲ್ಲಿಸಿ, ಹುಲ್ಲು ಬಿತ್ತಿ, ಮುಳ್ಳುಪೊದೆ ಬೆಳೆಸಿದಳು. ಎಲ್ಲ ಲಾವಕ್ಕಿಗಾಗಿ. ಸುತ್ತಮುತ್ತ ಇಲ್ಲವೇ ಇಲ್ಲ ಎನ್ನುವಂತಾಗಿದ್ದ ಹಕ್ಕಿ ನಾಲ್ಕನೆಯ ವರ್ಷ ತಾನಾಗಿ ಬಂತು. ಹುಲ್ಲಿನ ಬುಡದಲ್ಲಿ, ಬರಿನೆಲದ ಮೇಲೆ, ಆರು ಗೂಡು. ಯಾರಾದರೂ ತುಳಿದಾರು ಎಂದು ಒಂದೊಂದರ ಪಕ್ಕಕ್ಕೂ ಬಾವುಟ ನೆಟ್ಟಳು. ಬದುವಿನ ಮೇಲಿನ ಕಾಗೆಗಳನ್ನು ಬಿಟ್ಟರೆ ಅವಳ ದುಡಿಮೆ ನೋಡುವವರು ಯಾರೂ ಇರಲಿಲ್ಲ.

ಎರಡೇ ವಾರದಲ್ಲಿ ಐದು ಗೂಡು ಬರಿದಾದವು.

ಬೇಲಿಯಾಚೆ ಮೈದುನನ ಹೊಲ. ಹುಡುಗನಾಗಿದ್ದಾಗ ಬಲೆ ಹಾಸಿ ಲಾವಕ್ಕಿ ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಇನ್ನೇನು ಸಾಕ್ಷಿ ಬೇಕು? ಆರನೆಯ ಗೂಡಿನ ಬಾವುಟವೊಂದೇ ವಾರದ ಹಿಂದೆ ಮಾಯವಾಗಿತ್ತು. ಮೊಟ್ಟೆಗಳು ಮಾತ್ರ ಹಾಗೇ ಇದ್ದವು. ತಾಯಿಯನ್ನೂ ಸೇರಿಸಿ ಹಿಡಿಯಲು ಹೊಂಚುಹಾಕಿದ್ದಾನೆ, ಪಾಪಿ, ಎಂದುಕೊಂಡಳು. ಬೆಳಿಗ್ಗೆ ಹೊಸ ಬಾವುಟ ನೆಟ್ಟು, ಪೊದೆಯ ಮರೆಯಲ್ಲಿ ಕಾದಳು. ಅವನು ಬಂದ.

"ಐದು ಗೂಡು ನುಂಗಿದ್ದು ಸಾಲಲಿಲ್ವಾ?"

"ಮೊಟ್ಟೆ ಮುಟ್ಟಿಲ್ಲ ಅತ್ತಿಗೆ. ಕೋಲು ಕಿತ್ತೆ, ಅಷ್ಟೇ. ಇಲ್ಲಿ ಗೂಡಿದೆ ಬನ್ನಿ ಅಂತ ಎಲ್ಲರಿಗೂ ಸಾರೋದು ಯಾಕೆ?"

"ಎಲ್ಲರಿಗೂ? ಇಲ್ಲಿ ಕಳ್ಳ ಇರೋದು ನೀನೊಬ್ಬನೇ."

"ಒಂದು ಸಲ ನಾನು ಹೇಳೋದನ್ನ..."

"ಬಾಯಿ ಮುಚ್ಚು! ನಿಮ್ಮಣ್ಣ ಹೋದ ದಿನವೇ ನಮ್ಮ ಸಂಬಂಧ ಮುಗೀತು. ಇನ್ನೊಂದು ಸಲ ಬೇಲಿ ದಾಟಿದ್ರೆ, ಹೇಳೋದನ್ನೆಲ್ಲ ಪೊಲೀಸರ ಮುಂದೆ ಹೇಳು."

ಅವನ ಮುಖ ಕಪ್ಪಿಟ್ಟಿತು. "ನಿಮ್ಮ ಹಕ್ಕಿ, ನಿಮ್ಮ ಹಣೆಬರಹ. ಇನ್ನು ಕರೆದ್ರೂ ಬರಲ್ಲ," ಎಂದು ಕೋಲನ್ನು ಅವಳ ಕಾಲ ಬುಡಕ್ಕೆ ಎಸೆದು ಹೋದ.

ಅವಳು ಮೊಟ್ಟೆ ಎಣಿಸಿದಳು. ಎಂಟು. ಇನ್ನೆರಡು ದಿನದಲ್ಲಿ ಮರಿಯಾಗುವಂಥವು. ಇವೂ ಹೋದರೆ ನಾಲ್ಕು ವರ್ಷದ ಬೆವರು ಮಣ್ಣುಪಾಲು. ಬಾವುಟವನ್ನು ಮೊದಲಿಗಿಂತ ಗಟ್ಟಿಯಾಗಿ ನೆಟ್ಟಳು. ಮೈದುನ ಮತ್ತೆ ಬಂದರೆ ಸಾಕ್ಷಿ ಇರಲೆಂದು ಎದುರಿನ ಪೊದೆಗೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿದಳು. ಬಹಳ ದಿನಗಳ ಮೇಲೆ ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದಳು.

ಸಂಜೆ ಕ್ಯಾಮೆರಾ ಬಿಚ್ಚಿ ತಂದು, ಅಡುಗೆಮನೆಯ ಮೇಜಿನ ಮುಂದೆ ಕೂತು ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಮನುಷ್ಯರ ಸುಳಿವೇ ಇಲ್ಲ. ಎರಡು ಗಂಟೆಗೆ ಬರೀ ಹುಲ್ಲು. ಎರಡೂವರೆಗೆ ತಾಯಿ ಹಕ್ಕಿ ಮೇಯಲು ಎದ್ದು ಹೋಗಿತ್ತು.

ಎರಡೂ ಮುಕ್ಕಾಲಿನ ಚಿತ್ರದಲ್ಲಿ ಅವಳ ಕೆಂಪು ಬಾವುಟದ ಕೋಲಿನ ತುದಿಗೆ ಒಂದು ಕಾಗೆ ಕೂತಿತ್ತು, ಅದರ ಕೊಕ್ಕಿನಲ್ಲಿ ಮೊಟ್ಟೆಯಿತ್ತು, ಕೆಳಗೆ ಗೂಡಿನ ಸುತ್ತ ಬದುವಿನ ಬಳಗವೆಲ್ಲ ನೆರೆದಿತ್ತು.