ಲಂಗದವನ ತೋಳಲ್ಲಿದ್ದ ಕೂಸು

“ಹಿಡೀರಿ ಅವನ್ನ! ಗಂಡಸಾಗಿ ಲಂಗ ಉಟ್ಟಾನ, ಕೈಯಾಗ ಕೂಸೈತಿ!”

ಕೂಗಿದವನು ಕರಿಬಸಪ್ಪ. ಕೋಗಿಲಬನದ ತಿರುವಿನಲ್ಲಿ ಚಹಾದಂಗಡಿ ಇಟ್ಟವನು. ಅಂಗಡಿ ಮುಂದೆ ಕೂತಿದ್ದವರು ಲೋಟ ಬಿಟ್ಟು ಎದ್ದರು.

ಕಾಡಿನ ಕಾಲುದಾರಿಯಿಂದ ರಸ್ತೆಗೆ ಇಳಿದವನಿಗೆ ಗಡ್ಡವಿತ್ತು. ಬೆನ್ನಿಗೆ ಚೀಲ, ಕಾಲಿಗೆ ಬೂಟು, ಮೊಳಕಾಲಿನವರೆಗೆ ಖಾಕಿ ಬಟ್ಟೆಯ ದಪ್ಪ ಲಂಗ. ತೋಳಲ್ಲಿ ಪುಟ್ಟ ಹೆಣ್ಣುಮಗು. ಅತ್ತು ಅತ್ತು ಅದರ ದನಿ ಬಿದ್ದುಹೋಗಿತ್ತು.

ಹೆಣ್ಣಿನ ವೇಷದ ಗಂಡಸರು ಮಕ್ಕಳನ್ನು ಕದಿಯುತ್ತಿದ್ದಾರೆಂದು ಆ ವಾರವೆಲ್ಲ ದಾಂಡೇಲಿ ಸುತ್ತಲಿನ ಫೋನುಗಳಲ್ಲಿ ಸುದ್ದಿ ಹರಿದಾಡುತ್ತಿತ್ತು.

“ಯಾರದಲೇ ಈ ಕೂಸು?”

“ಗೊತ್ತಿಲ್ರಿ. ಕಾಡಿನಾಗ ಒಂದ ಅಳಕೋತ ಕುಂತಿತ್ತು. ಪೊಲೀಸ್ ಠಾಣೆಗೆ ಒಯ್ಯಾಕತ್ತೇನಿ. ನಾ ಈರೇಶ, ಹಳಿಯಾಳದಾವ.”

“ಮತ್ತ ಲಂಗ ಯಾಕ ಉಟ್ಟೀ?”

“ದೂರ ನಡ್ಯಾಕರಿ. ಪ್ಯಾಂಟ್ ಹಾಕ್ಕೊಂಡ್ರ ಬೆವತು ತೊಡಿ ಕೆತ್ತಿ ಹೋಗ್ತಾವ. ನನ್ನ ಹೆಂಡ್ತಿನ ಹೊಲದು ಕೊಟ್ಟಾಳ.”

ಯಾರೋ ನಕ್ಕರು. ಆ ನಗು ಮುಗಿಯುವ ಮೊದಲೇ ಕರಿಬಸಪ್ಪ ಒಲೆಗೆ ಸೀಳಿಟ್ಟಿದ್ದ ಕಟ್ಟಿಗೆ ಎತ್ತಿ ಈರೇಶನ ಬಾಯಿಗೇ ಬಾರಿಸಿದ. ಹಲ್ಲು ಮುರಿದವು. ಮುಂದೆ ಅವನು ಆಡಿದ ಮಾತೆಲ್ಲ ರಕ್ತವಾಗಿ ಹೊರಬಂತು.

ಕರಿಬಸಪ್ಪನ ಹೆಂಡತಿ ಕಾಶೆವ್ವ ಓಡಿಬಂದು ಮಗುವನ್ನು ಎಳೆದುಕೊಂಡಳು. ಅದು ಈರೇಶನ ಕುತ್ತಿಗೆ ಬಿಡಲೊಲ್ಲದು; ಕೊನೆಗೂ ಬಿಡಿಸಿ ಸೊಂಟಕ್ಕೇರಿಸಿಕೊಂಡಳು.

“ಕೂಸಿಗೆ ಏನೋ ತಿನ್ನಿಸ್ಯಾನ,” ಎಂದ ಒಬ್ಬ.

ಅಷ್ಟು ಸಾಕಾಯಿತು. ಬೆಲ್ಟುಗಳು ಬಿಚ್ಚಿದವು. ಕಲ್ಲು ಬಿದ್ದವು. ಒಬ್ಬ ಲಂಗ ಹರಿದು ಮರಕ್ಕೆ ಎಸೆದ, ಇನ್ನೊಬ್ಬ ಫೋನು ಹಿಡಿದು ವಿಡಿಯೋ ಮಾಡಿದ. ತಲೆ ಮುಚ್ಚಿಕೊಳ್ಳಲು ಚಾಚಿದ ಕೈಯನ್ನು ಬೂಟುಗಾಲೊಂದು ಮೆಟ್ಟಿತು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಯಾರೂ ನಿಲ್ಲಿಸಲಿಲ್ಲ.

ಆಗ ಬೈಕೊಂದು ಬಂದು ನಿಂತಿತು. ಸವಾರನ ಅಂಗಿ ಮುಳ್ಳಿಗೆ ಹರಿದಿತ್ತು, ಮೈಯೆಲ್ಲ ಕೆಸರು. ಮಗುವನ್ನು ಕಂಡವನೇ ಕುಸಿದು ಕೂತ.

“ನನ್ನ ಮಗಳ! ಬೈಕ್ ನಿಲ್ಲಿಸಿ ಕಣ್ಣು ಮಿಟಕ್ಸೂದ್ರಾಗ ಮಾಯ ಆಗಿದ್ಲು. ಕಾಡೆಲ್ಲಾ ಹುಡುಕಿದೆ.”

ಎದ್ದವನು ಈರೇಶನ ಎದೆಗೆ ಒದ್ದ. ಮತ್ತೆ ಒದ್ದ. ಆಮೇಲೆ ತಾನೇ ಜನರ ಕೈ ಹಿಡಿದ. “ಸಾಕ್ರಿ. ಪೊಲೀಸು, ಕೋರ್ಟು ಅಂತ ಅಲಿಯಾಕ ನನ್ನ ಕೈಲೆ ಆಗಂಗಿಲ್ಲ. ಮಗಳು ಸಿಕ್ಕಳಲ್ಲ.”

ಮಗು ಬಿದ್ದುಹೋದ ದನಿಯಲ್ಲೇ ಕಿರುಚಿ ಕಾಶೆವ್ವನ ಸೆರಗಿನೊಳಗೆ ಮುಖ ಹುದುಗಿಸಿತು.

“ಅಪ್ಪನ್ನ ಕಂಡ್ರೂ ಹಿಂಗ್ಯಾಕ ಅಳತೈತಿ?” ಎಂದಳು ಕಾಶೆವ್ವ.

“ಈ ಹಾಳಾದವ ಹೆದರಿಸ್ಯಾನ,” ಎಂದ ಕರಿಬಸಪ್ಪ. ಸೆರಗು ಹಿಡಿದಿದ್ದ ಪುಟ್ಟ ಬೆರಳುಗಳನ್ನು ತಾನೇ ಒಂದೊಂದಾಗಿ ಬಿಡಿಸಿದ. ಬೈಕಿನ ಟ್ಯಾಂಕಿನ ಮೇಲೆ ಕೂರಿಸಿ, ಬಿಸ್ಕೀಟಿನ ಪುಡಿಕೆ ಕೈಗಿಟ್ಟ. “ಇನ್ನ ಜ್ವಾಪಾನ ರಿ.”

“ಹೂಂ ರಿ. ಇನ್ನ ಇಕಿ ಯಾರ ಕಣ್ಣಿಗೂ ಬೀಳಂಗಿಲ್ಲ.”

ಬೈಕು ಜೋಯಿಡಾ ಕಡೆಗೆ ಹೋಯಿತು.

ಗುಂಪು ಕರಗತೊಡಗಿತು. ಕಾಶೆವ್ವ ಈರೇಶನ ತುಟಿಗೆ ನೀರು ಬಿಟ್ಟಳು. ಒಂದು ಕಣ್ಣು ತೆರೆಯಿತು.

“ಕೂಸು?”

“ಅವರಪ್ಪ ಬಂದು ಒಯ್ದನಪಾ.”

“ಚೊಲೋ ಆತು,” ಎಂದು ತೊದಲಿ ಈರೇಶ ಕಣ್ಣು ಮುಚ್ಚಿದ.

ಕರಿಬಸಪ್ಪ ಕಾಲಬಳಿ ಬಿದ್ದಿದ್ದ ಕಟ್ಟಿಗೆಯತ್ತ ನೋಡಿದ. ಕಳ್ಳನಾದವನು ಹೀಗೆ ಹೇಳುವನೇ? ಆದರೂ ಕೂಸು ಮನೆ ಸೇರಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಅದಿನ್ನೂ ನಿಲ್ಲುವ ಮೊದಲೇ ಹೆಂಗಸೊಬ್ಬಳು ಬರಿಗಾಲಲ್ಲಿ ಹಾರಿ ಇಳಿದಳು. ಅಂಬಿಕಾನಗರದ ರುಕ್ಮಾ. ಬೆಳಿಗ್ಗೆ ಅಂಗಳದಲ್ಲಿ ಆಡುತ್ತಿದ್ದ ಮಗಳು ಕಾಣೆಯಾದಾಗಿನಿಂದ ಅವಳು ಕೂತಿರಲಿಲ್ಲ.

“ನನ್ನ ಮಗಳು ಇಲ್ಲಿ ಅದಾಳಂತ ಯಾರೋ ಫೋನ್ ಮಾಡಿದ್ರಂತ. ಎಲ್ಲಿ?”

“ಅಳಬ್ಯಾಡ ತಂಗಿ,” ಕರಿಬಸಪ್ಪ ಮುಂದೆ ಬಂದ. “ನಿನ್ನ ಗಂಡನ ಕೈಯಾಗ ಕೊಟ್ಟು ಈಗಷ್ಟ ಕಳಿಸೇವಿ.”

ರುಕ್ಮಾ ತಿರುಗಿ ನೋಡಿದಳು; ಅವಳ ಗಂಡ ಆಗಷ್ಟೇ ಜೀಪಿನ ಹಿಂಬಾಗಿಲಿನಿಂದ ಇಳಿಯುತ್ತಿದ್ದ.