ಜಗಲಿಯ ಮುದುಕ

ಉತ್ತರ ಪತ್ರಿಕೆಯಿಂದ ಟೀಚರ್ ಓದಿದ ಕೊನೆಯ ವಾಕ್ಯ ಯಜ್ಞನಾರಾಯಣನದಾಗಿರಲಿಲ್ಲ. ಅದಕ್ಕಿಂತ ಹಿಂದಿನ ಮೂರು ಪುಟಗಳೂ ಅವನವೇ, ಒಂದೊಂದು ಪದವನ್ನೂ ಅವನು ಗುರುತು ಹಿಡಿದಿದ್ದ. ಕೊನೆಗೆ ಬಂದಾಗ ಟೀಚರ್ ದನಿ ತಗ್ಗಿಸಿ, "ಹೀಗೆ ಆ ಮುದುಕನ ಕುರುಡುತನವೇ ಇಡೀ ಕಾದಂಬರಿಯನ್ನು ಬೆಳಗುವ ದೀಪವಾಗುತ್ತದೆ" ಎಂದು ಓದಿದರು. "ಇಪ್ಪತ್ತಕ್ಕೆ ಹದಿನೆಂಟು. ಈ ಮಾತನ್ನು ಯಜ್ಞ ಹೇಳಿದಾಗ ಅದರ ತೂಕವೇ ಬೇರೆ," ಎಂದರು. ಕ್ಲಾಸು ಚಪ್ಪಾಳೆ ತಟ್ಟಿತು. ಹಿಂದಿನ ಬೆಂಚಿನಿಂದ ಯಾರೋ ಬೆನ್ನು ಸವರಿದರು. ಅವನು ಎದ್ದು ನಿಂತು ಥ್ಯಾಂಕ್ಸ್ ಹೇಳಿ ಕೂತ.

ಕಾದಂಬರಿ ನೂರು ವರ್ಷ ಹಳೆಯದು, ಎಂ.ಎ. ಇಂಗ್ಲಿಷಿನ ಪಠ್ಯ. ಅದರಲ್ಲೊಬ್ಬ ಕುರುಡು ಮುದುಕ ಮೊದಲಿನಿಂದ ಕೊನೆಯವರೆಗೆ ಮನೆಯ ಜಗಲಿಯಲ್ಲಿ ಕೂತಿರುತ್ತಾನೆ. ಮನೆಯವರು ತಪ್ಪು ಮಾಡಿದಾಗಲೆಲ್ಲ ತಲೆಯೆತ್ತಿ ಒಂದು ಸತ್ಯ ನುಡಿಯುತ್ತಾನೆ. ಪರೀಕ್ಷೆಯಲ್ಲಿ ಕೇಳಿದ್ದು ಅವನ ಒಳಗಣ್ಣಿನ ಬಗ್ಗೆ.

ಯಜ್ಞ ಹುಟ್ಟಿನಿಂದಲೇ ಕಣ್ಣು ಕಾಣದವನು. ಅವನು ಹೇಳಿದ್ದನ್ನು ಉತ್ತರ ಪತ್ರಿಕೆಯಲ್ಲಿ ಬರೆಯಲು ಪ್ರತಿ ಸಲ ಸ್ಕ್ರೈಬ್ ಆಗಿ ಬರುತ್ತಿದ್ದವಳು ಬಿ.ಕಾಂ. ಎರಡನೇ ವರ್ಷದ ನಂದಿತಾ, ತಿರುವನಂತಪುರದಲ್ಲಿ ಬೆಳೆದ ಮೈಸೂರಿನವರ ಮಗಳು. ಕೊಚ್ಚಿ ಬಳಿಯ ಕಳಮಶ್ಶೇರಿಯ ಆ ಕಾಲೇಜಿನಲ್ಲಿ ಕನ್ನಡ ಬಲ್ಲ ಸ್ಕ್ರೈಬ್ ಅವಳೊಬ್ಬಳೇ. ಅವನು ಉತ್ತರ ಹೇಳುವುದು ಇಂಗ್ಲಿಷಿನಲ್ಲಿ. ಆದರೆ ಸಿಟ್ಟು ಬಂದರೆ ತನ್ನೂರು ಕುಂಬಳೆಯ ಕನ್ನಡ ಹೊರಡುತ್ತಿತ್ತು. "ಇದನ್ನು ಇಂಗ್ಲಿಷ್ ಮಾಡಿ ಬರಿ" ಎಂದುಬಿಡುತ್ತಿದ್ದ. ನಿಯಮದ ಪ್ರಕಾರ ಅದು ತಪ್ಪು. ಮೇಲ್ವಿಚಾರಕರಿಗೆ ಕನ್ನಡ ಬಾರದ್ದರಿಂದ ನಡೆದುಹೋಗುತ್ತಿತ್ತು.

ಉತ್ತರ ಪತ್ರಿಕೆಯನ್ನು ನಾಲ್ಕು ಗಂಟೆಯೊಳಗೆ ಟೀಚರಿಗೆ ಮರಳಿಸಬೇಕಿತ್ತು. ಅದನ್ನು ಹಿಡಿದುಕೊಂಡೇ ಅವನು ಕ್ಯಾಂಟೀನಿಗೆ ಬಂದ. ನಂದಿತಾ ಎರಡು ಚಹಾ, ಒಂದು ಪ್ಲೇಟು ಬಾಳೆಹಣ್ಣಿನ ಪಳಂಪೊರಿ ತಂದಿಟ್ಟಳು.

"ಇದು ನಿಮ್ಮ ಟ್ರೀಟ್ ಯಜ್ಞಣ್ಣ. ಹದಿನೆಂಟಂತೆ!"

"ದೀಪ ಯಾರದ್ದು?"

"ಯಾವ ದೀಪ?"

"ಕೊನೇ ಸಾಲಲ್ಲಿ ಹಚ್ಚಿಟ್ಟಿದ್ದೀಯಲ್ಲ, ಅದು."

ನಂದಿತಾ ಪಳಂಪೊರಿಯ ತುದಿ ಮುರಿದಳು. ತಿನ್ನಲಿಲ್ಲ. "ನೀವು ಕನ್ನಡದಲ್ಲಿ ಏನೇನೋ ಅಂದ್ರಿ. ಅದನ್ನ ಹಾಗೇ ಬರೆದಿದ್ರೆ ಮಾರ್ಕ್ಸ್ ಹೋಗ್ತಿತ್ತು. ನಿಮಗೆ ಒಳ್ಳೇದಾಗ್ಲಿ ಅಂತ..."

"ಓದಿ ಹೇಳು ಅಂದದ್ದಕ್ಕೆ ಬೆಲ್ ಆಯ್ತು ಅಂದಿದ್ದಿ."

"ಬೆಲ್ ಆಗಿತ್ತು."

"ಆಗಿತ್ತು. ಕಿವಿ ನನಗೂ ಉಂಟು." ಅವನು ಚಹಾದ ಗ್ಲಾಸನ್ನು ಹುಡುಕಿ ಹಿಡಿದ. "ಸರಿ, ನಾನು ಎಂತ ಹೇಳಿದ್ದು? ಹೇಳು ನೋಡುವ."

"ಅದೇ... ಅವನನ್ನ ಜಗಲೀಲಿ ಕೂರಿಸಿದ್ದಾರೆ ಅಂತ."

"ಮತ್ತೆ?"

ಅವಳಿಗೆ ನೆನಪಾಗಲಿಲ್ಲ. ಅವನು ಹೇಳುತ್ತಿದ್ದಾಗ ಅವಳು ದೀಪದ ವಾಕ್ಯ ಕಟ್ಟುತ್ತಿದ್ದಳು. ಹೊರಗೆ ಮೇಲುಸೇತುವೆಯ ಮೇಲೆ ಮೆಟ್ರೋ ಹಾದುಹೋಯಿತು.

"ಪೆನ್ ತೆಗಿ," ಎಂದ ಯಜ್ಞ. "ನಿನ್ನದರ ಕೆಳಗೆ ನಂದು ಬರಿ."

"ಅಯ್ಯೋ, ಮಾರ್ಕ್ಸ್ ಹಾಕಾಗಿದೆ! ಸ್ಕ್ರೈಬ್ ಸ್ವಂತದ್ದು ಬರೆದಿದ್ದಾಳೆ ಅಂತ ಗೊತ್ತಾದ್ರೆ ಪೇಪರ್ ಕ್ಯಾನ್ಸಲ್. ನನ್ನನ್ನ ಮತ್ತೆ ಒಳಗೇ ಬಿಡಲ್ಲ."

"ನಿನ್ನ ಹೆಸರು ಬರುವುದಿಲ್ಲ. ಹಚ್ಚಿದ್ದೂ ನಾನೇ, ಈಗ ಆರಿಸುವುದೂ ನಾನೇ ಅಂತ ಹೇಳ್ತೇನೆ."

"ಆಗ ಹದಿನೆಂಟೂ ಹೋಗುತ್ತೆ. ಕ್ಲಾಸಲ್ಲಿ ಅಷ್ಟು ಜನ ಚಪ್ಪಾಳೆ ತಟ್ಟಿದ್ದಾರೆ..."

"ತಟ್ಟಿದ್ರು. ನಾನು ಇಷ್ಟು ವರ್ಷದಲ್ಲಿ ಕೇಳಿದ್ದು ಎಲ್ಲ ಇದೇ ಮಾತು, ನಂದಿತಾ. ನಿನಗೆ ಒಳಗಣ್ಣು ಉಂಟು, ನಿನಗೆ ಒಳಗಣ್ಣು ಉಂಟು ಅಂತ. ಇವತ್ತು ಅದನ್ನು ನನ್ನ ಬಾಯಲ್ಲೇ ಹೇಳಿಸಿದ ಹಾಗಾಯ್ತು. ಬರಿ."

ಅವಳು ಪೆನ್ನು ತೆಗೆದಳು. ಈ ಸಲ ಅವನು ಇಂಗ್ಲಿಷಿನಲ್ಲೇ, ಒಂದೊಂದು ಪದ ಬಿಡಿಸಿ, ಫುಲ್‌ಸ್ಟಾಪನ್ನೂ ಸೇರಿಸಿ ಹೇಳಿದ. ಆ ಮುದುಕ ಯಾವುದರ ಸಂಕೇತವೂ ಅಲ್ಲ. ಮುನ್ನೂರು ಪುಟ ಅವನನ್ನು ಜಗಲಿಯಲ್ಲಿ ಕೂರಿಸಿದ್ದಾರೆ. ಅವನನ್ನು ಕಕ್ಕಸಿಗೆ ಕರೆದುಕೊಂಡು ಹೋಗುತ್ತಿದ್ದವರು ಯಾರು ಎಂಬ ಬಗ್ಗೆ ಒಂದೇ ಒಂದು ಸಾಲು ಇಲ್ಲ.

"ಕಕ್ಕಸು ಅಂತಲೇ ಬರೀಬೇಕಾ?"

"ಬೆಳಗ್ಗಿಂದ ಸಂಜೆವರೆಗೆ ಸತ್ಯ ಹೇಳುವುದು ಒಂದೇ ಕೆಲಸವಾ ಅವನಿಗೆ?"

ನಂದಿತಾಳಿಗೆ ನಗು ಬಂತು, ತಡೆದುಕೊಂಡಳು. ಬರೆದು ಮುಗಿಸಿ ಪತ್ರಿಕೆಯನ್ನು ಅವನ ಮುಂದೆ ಸರಿಸಿದಳು. ಅವನು ಆ ಹಾಳೆಯನ್ನು ಮಗುಚಿ, ಬೆನ್ನಿನ ಮೇಲೆ ಬೆರಳು ಆಡಿಸಿದ. ಬಾಲ್‌ಪೆನ್ನು ಒತ್ತಿ ಬರೆದ ಸಾಲುಗಳು ಹಿಂದುಗಡೆ ಉಬ್ಬಿದ್ದವು. ದೀಪದ ಸಾಲು ಚೆನ್ನಾಗಿಯೇ ಬೆರಳಿಗೆ ಸಿಕ್ಕಿತು. ಅದರ ಕೆಳಗೆ ಕಾಗದ ನುಣ್ಣಗಿತ್ತು. ಬೆರಳು ಎರಡು ಸಲ ಹೋಗಿಬಂತು.

"ಬರೆದಿದ್ದೀಯಾ?"

"ಬರೆದೆ, ನಿಜವಾಗ್ಲೂ. ಎಲ್ಲಾನೂ ಬರೆದಿದ್ದೀನಿ. ಜಾಗ ಕಮ್ಮಿ ಇತ್ತು, ಚಿಕ್ಕದಾಗಿ, ಒತ್ತದೆ ಬರೆದೆ."

ಅವನು ಹಾಳೆಯ ಖಾಲಿ ಬೆನ್ನನ್ನು ಹಾಗೇ ಮೇಲು ಮಾಡಿ, ಅವಳ ಕಡೆಗೆ ತಳ್ಳಿದ.

"ದೊಡ್ಡದಾಗಿ ಬರಿ ಮಾರಾಯ್ತಿ. ಟೀಚರಿಗೆ ಕಣ್ಣು ಮಾತ್ರ ಅಲ್ವಾ ಇರುವುದು."