ಸಿಲಿಂಡರ್ ಹೊತ್ತ ರೋಗಿ

ಲಿಫ್ಟಿಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಹೃದಯದ ಡಾಕ್ಟರು ಕೂರುವುದು ಮೂರನೇ ಮಹಡಿಯಲ್ಲಿ. ದಡದಡನೆ ಮೆಟ್ಟಿಲು ಹತ್ತಿದಳು. ನಡುವೆ ಎರಡು ಕಡೆ ಕಂಬಿ ಹಿಡಿದು ನಿಲ್ಲಬೇಕಾಯಿತು; ಸಿಟ್ಟಿಗೆ ಉಸಿರೂ ಸಾಲುತ್ತಿರಲಿಲ್ಲ.

ಸಿಟ್ಟು ಬರದೆ ಇನ್ನೇನು? ಬೆಳಿಗ್ಗೆ ಹಾಲು ತರಲು ಹೋದವಳು ಬೇಗ ಮರಳಿ ನೋಡಿದರೆ, ಅವಳ ಹೃದ್ರೋಗಿ ಗಂಡ ತುಂಬಿದ ಗ್ಯಾಸ್ ಸಿಲಿಂಡರನ್ನು ಹೆಗಲಿಗೇರಿಸಿ, ಸಿಳ್ಳೆ ಹಾಕುತ್ತ ಅಡುಗೆಮನೆಗೆ ನಡೆದಿದ್ದ!

ಹೋದ ವರ್ಷ ಇಬ್ಬರೂ ಒಟ್ಟಿಗೇ ಎದೆಯ ಸ್ಕ್ಯಾನ್ ಮಾಡಿಸಿದ್ದರು. ಬೇಕರಿಯ ಒಲೆ ಬಿಟ್ಟು ಬರಲಾಗದೆ, ರಿಪೋರ್ಟು ತರಲು ಅವನೊಬ್ಬನನ್ನೇ ಕಳಿಸಿದ್ದಳು. ಜೋಲುಮುಖ ಹಾಕಿಕೊಂಡು ಬಂದ. "ನಿಂದು ಕಲ್ಲುಗುಂಡಿನ ಹಾಗಿದೆ ಕಣೇ. ನಂದೇ ಕೈಕೊಟ್ಟಿದೆ. ಎದೇಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೂ ನೂರಕ್ಕೆ ಅರವತ್ತರಷ್ಟು ಹೊರಗೆ ತಳ್ಳಬೇಕಂತೆ. ಮೂವತ್ತೇ ತಳ್ತಿದೆ."

ಆ ಮೂವತ್ತು ಅವಳ ಬಾಳನ್ನೇ ನುಂಗಿತು. ಮನೆಯಲ್ಲಿ ಜೊತೆಗೊಬ್ಬರು ಬೇಕೆಂದು ಬೇಕರಿ ಮುಚ್ಚಿಸಿದ. ತಾನು ಮಾತ್ರ ದಿನಾ ಪ್ರೆಸ್ಸಿನ ಕೆಲಸಕ್ಕೆ ಹೋದ. ಮೆಟ್ಟಿಲು ಬೇಡವೆಂದು ನೆಲಮಹಡಿಯ ಗೂಡಿನಂಥ ಮನೆ ಹಿಡಿದ. ಅಡುಗೆಗೆ ಉಪ್ಪು ಹೆಸರಿಗಷ್ಟೇ; ಅವನ ದೆಸೆಯಿಂದ ಅವಳಿಗೂ ಅದೇ ಸಪ್ಪೆ ಊಟ. ಮಾತ್ರೆ ನುಂಗುವಾಗ ಅವಳ ಅಂಗೈಗೂ ಒಂದಷ್ಟು ಹಾಕುತ್ತಿದ್ದ, ಶಕ್ತಿಗೆಂದು. ಸಂಜೆ ಅಡ್ಡಾಡಲು ಹೋದರೆ ಕಂಬ ಕಂಬಕ್ಕೂ ನಿಲ್ಲುತ್ತಿದ್ದ. "ತಡಿಯೇ, ಒಂಚೂರು ಸುಧಾರಿಸ್ಕೊಳ್ಳೋಣ." ಹಿಟ್ಟು ನಾದಿ ಪಳಗಿದ ಕೈ ಕೂತು ಕೂತು ಸೊರಗಿತ್ತು. ಮನಸ್ಸಿನಲ್ಲೇ ಅವನಿಗೆ ಹಿಡಿಶಾಪ ಹಾಕದ ದಿನವಿರಲಿಲ್ಲ.

ಬಾಗಿಲು ತಳ್ಳಿ ಡಾಕ್ಟರ ಮುಂದೆ ನಿಂತಳು. "ನಮ್ಮ ಯಜಮಾನ್ರ ಎದೆ ನಿಜವಾಗ್ಲೂ ಮೂವತ್ತೇನಾ ಡಾಕ್ಟ್ರೇ? ಮುಚ್ಚಿಡದೆ ಹೇಳಿ."

ಹೆಸರು ಕೇಳಿಕೊಂಡು ಡಾಕ್ಟರು ಕಂಪ್ಯೂಟರ್ ನೋಡಿದರು. "ಮೂವತ್ತಾ? ಯಾರು ಹೇಳಿದ್ದು? ಅವರದ್ದು ಅರವತ್ತೆರಡು. ಕುದುರೆ ಥರ ಇದ್ದಾರೆ."

"ಗೊತ್ತಿತ್ತು ನಂಗೆ!" ಅವಳು ಮೇಜು ಗುದ್ದಿದಳು. ಗೆದ್ದ ಖುಷಿಗಿಂತ ಹಾಳಾದ ವರ್ಷದ ಸಂಕಟವೇ ಉಕ್ಕಿ ಬಂತು. "ನಾಟಕದ ಮನುಷ್ಯ! ಬಟ್ಟೆಬರೆ ಕಟ್ಟಿಟ್ಟೇ ಬಂದಿದ್ದೀನಿ. ತಂಗಿ ಮನೇಲಿದ್ದು ನಾಳೇನೇ ಬೇಕರಿ ತೆಗೀತೀನಿ. ಇನ್ನು ಅವರ ಮುಖ ನೋಡಿದ್ರೆ ಕೇಳಿ."

ಮಾತು ಮುಗಿಸುವಷ್ಟರಲ್ಲಿ ಏದುಸಿರು ಬಂತು. ಡಾಕ್ಟರು ಪರದೆಯ ಮೇಲಿದ್ದ ಇನ್ನೊಂದು ಹೆಸರನ್ನು ನೋಡಿದರು, ಅವಳ ಮುಖ ನೋಡಿದರು, ಗಾಬರಿಯಿಂದ ಎದ್ದು ಕುರ್ಚಿ ಎಳೆದರು.

"ಮೆಟ್ಟಿಲು ಹತ್ತಿ ಬಂದ್ರಾ? ಮೊದಲು ಕೂತ್ಕೊಳ್ಳಮ್ಮ. ಅವರು ಹೇಳೇ ಇಲ್ವಾ, ಆ ಮೂವತ್ತು ನಿಮ್ಮದು."